ಕತ್ತಲಲ್ಲಿ ಮನೆ ನೋಡುವ ಶಾಸ್ತ್ರ

ಗಂಡಿನ ಮನೆ ನೋಡುವುದಕ್ಕೆ ಅಂತ ಹೆಣ್ಣಿನ ಕಡೆಯವರು ಕೆ.ಆರ್. ನಗರದಿಂದ ಕಾರಿನಲ್ಲಿ ಬರುತ್ತಾರೆ. ಸಂಜೆಯೆಲ್ಲಾ ಮನೆಯೊಳಗೇ ಕೂರುತ್ತಾರೆ. ತಿನ್ನುತ್ತಾರೆ, ಕುಡಿಯುತ್ತಾರೆ, ಮನಸಾರೆ ಮಾತಾಡುತ್ತಾರೆ. ಎದ್ದು ಹೊರಡುವಾಗ ನೋಡಿದರೆ, ಆ ಮನೆಗೆ ಎಷ್ಟು ರೂಮು, ಗೋಡೆಗೆ ಯಾವ ಬಣ್ಣ, ನೆಲ ಟೈಲ್ಸೋ ಕಲ್ಲೋ, ಒಂದೂ ಅವರಿಗೆ ಗೊತ್ತಿಲ್ಲ. ಏನಾಗಿರಬಹುದು? ಊಹಿಸಿ ನೋಡೋಣ.

ಕರೆಂಟ್ ಹೋಯ್ತು ಅಂತೀರಿ. ಸರಿ, ಅರ್ಧ ಉತ್ತರ, ಅರ್ಧ ಮಾರ್ಕ್ಸು. ಆದರೆ ಸ್ವಾಮಿ, ಹೋದ ಕರೆಂಟ್ ಅವರಿದ್ದ ಹಾಗೆಯೇ ವಾಪಸ್ಸೂ ಬಂತು. ಊರಿಗೆಲ್ಲಾ ಬೆಳಕಾಯಿತು. ಆಮೇಲೂ ಅವರು ನಮ್ಮ ಮನೆಯಲ್ಲಿ ಕತ್ತಲಲ್ಲೇ ಕೂತಿದ್ದರು. ಈಗ ಹೇಳಿ, ಯಾಕೆ?

ಬಿಡಿ, ನಾನೇ ಹೇಳುತ್ತೇನೆ. ಹೇಳದೆ ಇರುವುದು ನನ್ನಿಂದ ಆಗದ ಕೆಲಸ. ಗಾಳಿ ಮಳೆ ಬಂದು ಕರೆಂಟ್ ಹೋದಾಗಲೆಲ್ಲಾ ನಮ್ಮ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಆದರೆ ಆವತ್ತು ಆದದ್ದೆಲ್ಲಾ ಒಂದೇ ಸಂಜೆಗೆ ಆಗಬೇಕೆ!

ನಾನು ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಬಿ.ಎಸ್ಸಿ. ಓದಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿನ ಹಿಪ್ಪುನೇರಳೆ ತೋಟ ಸುತ್ತಿ, ಹುಳು ಹಣ್ಣಾಗಿ ಗೂಡು ಕಟ್ಟುವವರೆಗೂ ರೈತರ ಜಗಲಿಯ ಮೇಲೆ ಕೂತು ಹರಟಿದವನು. ಈಗ ಹನಗೋಡಿನಲ್ಲಿ, ಊರಿನ ತುದಿಯ ಮನೆಯಲ್ಲಿ ವಾಸ. ಮಗ ಪಕ್ಕದಲ್ಲೇ ಶುಂಠಿ, ಬಾಳೆ ಬೆಳೆಯುತ್ತಾನೆ. ಒಳ್ಳೆಯ ಬೆಳೆಗಾರ, ಒಳ್ಳೆಯ ಹುಡುಗ, ಮೂವತ್ತನಾಲ್ಕು ವರ್ಷ. ಮದುವೆ ಮಾತ್ರ ಆಗಿರಲಿಲ್ಲ. ನಮ್ಮ ಕಡೆ ಈಗ ವ್ಯವಸಾಯ ಮಾಡುವ ಹುಡುಗನಿಗೆ ಹೆಣ್ಣು ಸಿಗುವುದು ಎಂಥ ಕಷ್ಟ ಅಂತ ಗಂಡುಮಕ್ಕಳನ್ನು ಹೆತ್ತವರನ್ನು ಕೇಳಿ. 'ಹುಡುಗ ಏನ್ ಕೆಲ್ಸದಲ್ಲವ್ನೆ?' ಅಂತ ಕೇಳುತ್ತಾರೆ. 'ಬೇಸಾಯ' ಅಂದ ಕೂಡಲೇ 'ನೋಡಿ ಹೇಳ್ತೀವಿ' ಅಂತಾರೆ. ನೋಡುವುದೂ ಇಲ್ಲ, ಹೇಳುವುದೂ ಇಲ್ಲ.

ಅಂಥದ್ದರಲ್ಲಿ ಈ ಕೆ.ಆರ್. ನಗರದವರು ಮನೆ ನೋಡಲು ಬರುತ್ತೇವೆ ಅಂದಿದ್ದರು. ಹುಡುಗಿ ಪಿರಿಯಾಪಟ್ಟಣದ ಒಂದು ಶಾಲೆಯಲ್ಲಿ ಟೀಚರು. ಅವಳೂ ಬರುತ್ತಾಳಂತೆ. ನನ್ನ ಹೆಂಡತಿ ಒಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. 'ಇದೊಂದು ತಪ್ಪೋಯ್ತು ಅಂದ್ರೆ ನಾನು ಇನ್ನು ಯಾರ ಮನೆ ಮದುವೆಗೂ ಹೋಗಲ್ಲ ಕಣ್ರೀ' ಅಂದುಬಿಟ್ಟಿದ್ದಳು.

೧. ಹಾರ್ನು

ಮನೆ ನೋಡುವವರಿಗೆ ಮನೆ ಚೆನ್ನಾಗಿ ಕಾಣಬೇಕಲ್ಲ? ಗೋಡೆಗೆಲ್ಲಾ ತಿಳಿಹಳದಿ ಬಣ್ಣ ಹೊಡೆಸಿದೆ. ರೂಮುರೂಮಿಗೂ ಹೊಸ ಬಲ್ಬು ಹಾಕಿಸಿದೆ. ಬಚ್ಚಲಿಗೂ ಹಾಕಿಸಿದೆ. ತುಳಸಿಕಟ್ಟೆಗೆ ಒಂದು, ಗೇಟಿಗೆ ಎರಡು, ದನ ಇಲ್ಲದ ಕೊಟ್ಟಿಗೆಗೆ ಒಂದು.

ಮಗ ನೋಡಿ ನೋಡಿ, 'ಅಪ್ಪಾ, ಅವ್ರು ಬರ್ತಿರೋದು ಮನೆ ನೋಡಕ್ಕೆ, ಬಲ್ಬಿನ ಅಂಗಡಿ ನೋಡಕ್ಕಲ್ಲ' ಅಂದ.

ಹಬ್ಬಕ್ಕೆಂದು ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಿಂದ ನನ್ನ ಅಕ್ಕ ಬಂದಿದ್ದಳು. ವಯಸ್ಸು ಎಪ್ಪತ್ತರ ಮೇಲೆ, ಸುಮ್ಮನೆ ಕೂರುವ ಜಾತಿಯಲ್ಲ. ಕಿಟಕಿಗೆ ಹೊಡೆದು ಮಿಕ್ಕಿದ್ದ ಹಸಿರು ಬಣ್ಣ ಡಬ್ಬದಲ್ಲಿತ್ತು. ಜಗಲಿಯ ಮರದ ಬೆಂಚು ಮಂಕಾಗಿದೆ ಅಂತ ಆವತ್ತು ಬೆಳಿಗ್ಗೆಯೇ ಕೂತು ಬಳಿದುಬಿಟ್ಟಳು. ಬಳಿದಳು ಅಂದರೆ ಸಾಲದು, ದೋಸೆ ಹುಯ್ದ ಹಾಗೆ ಹುಯ್ದಿದ್ದಳು.

'ಸಾಯಂಕಾಲಕ್ಕೆ ಒಣಗತ್ತಾ ಅಕ್ಕ?' ಅಂದೆ.

'ಬಿಸ್ಲು ನೋಡ್ಲಾ ಎಂಗದೆ. ಗಳಿಗೇಲಿ ಒಣಗ್ತದೆ ಬುಡು' ಅಂದಳು.

ಮಧ್ಯಾಹ್ನ ಮೂರಕ್ಕೆ ಬಿಸಿಲು ಹೋಯಿತು. ನಾಗರಹೊಳೆ ಕಡೆಯಿಂದ ಮೋಡ ಎದ್ದಿತು. ಸಂಜೆ ಹೊತ್ತಿಗೆ ಹಗಲೇ ಕತ್ತಲಾಗಿ ಗಾಳಿ ಶುರುವಾಯಿತು. ನನ್ನ ಹೆಂಡತಿ ದೇವರ ಮುಂದೆ ನಿಂತು ಕರೆಂಟಿಗಾಗಿ ಕೈಮುಗಿಯುತ್ತಿದ್ದಳು. ಹನಿ ಬಿತ್ತು. ಬೆಂಚು ನೆನೆಯುತ್ತದೆಂದು ನಾನೂ ಮಗನೂ ಕಾಲು ಹಿಡಿದು ಅದನ್ನು ನಡುಮನೆಗೆ ತಂದಿಟ್ಟೆವು. ಕಿಟಕಿಗಳನ್ನೆಲ್ಲಾ ಭದ್ರವಾಗಿ ಮುಚ್ಚಿದೆವು. ಇಷ್ಟೆಲ್ಲಾ ಗಾಳಿಗೂ ಕರೆಂಟ್ ಮಾತ್ರ ಇತ್ತು! ಮನೆಯೊಳಗೆ ಹೊಸ ಬಲ್ಬುಗಳೆಲ್ಲಾ ಒಟ್ಟಿಗೆ ಉರಿದು ಮದುವೆ ಛತ್ರದಂತೆ ಕಾಣುತ್ತಿತ್ತು.

'ನೋಡು, ನೀನು ಸುಮ್ಮನೆ ಹೆದರಿದೆ' ಅಂತ ಹೆಂಡತಿಗೆ ಹೇಳುತ್ತಿದ್ದೆ. ಗೇಟಿನ ಹತ್ತಿರ ಕಾರು ಬಂದು ನಿಂತು 'ಪೀಂ' ಅಂದಿತು.

ಕರೆಂಟ್ ಹೋಯಿತು. ಅವರ ಹಾರ್ನೇ ನಮ್ಮ ಮನೆಯ ಸ್ವಿಚ್ಚು ಅನ್ನುವ ಹಾಗೆ.

೨. ಬೆಂಚೇ ಸಾಕು ಬುಡಿ

ಮಗ ಛತ್ರಿ ಹಿಡಿದು ಓಡಿ ಮೂವರನ್ನೂ ಕರೆತಂದ. ಹುಡುಗಿಯ ತಂದೆ, ತಂದೆಯ ತಂಗಿ ಅಂದರೆ ಹುಡುಗಿಯ ಸೋದರತ್ತೆ, ಮತ್ತೆ ಹುಡುಗಿ. ತಾಯಿಗೆ ಮಂಡಿನೋವು, ಬಂದಿರಲಿಲ್ಲ. ಒಬ್ಬರ ಮುಖ ಒಬ್ಬರಿಗೆ ಕಾಣದು. ಬಾಗಿಲಲ್ಲಿ ಕಾಲಿಗೆ ನೀರು ಕೊಡಬೇಕಲ್ಲ, ಅಕ್ಕ ಚೊಂಬು ಹಿಡಿದು ನಿಂತಿದ್ದಳು. ಮಳೆಯಲ್ಲಿ ನೆನೆದು ಬಂದವರಿಗೆ ಮತ್ತೆ ಅವಳೂ ಒಂದು ಚೊಂಬು ಹುಯ್ದಳು.

ಯಜಮಾನರಿಗೆಂದು ನಡುಮನೆಯ ಮಧ್ಯೆ ಒಂದು ಒಳ್ಳೆಯ ಕುರ್ಚಿ ಹಾಕಿ, ಮೇಲೆ ಹೊಸ ಟವಲ್ ಹೊದಿಸಿ ಇಟ್ಟಿದ್ದೆ. ಅದನ್ನು ತಡವಿ ಹಿಡಿದುಕೊಂಡು, 'ಬನ್ನಿ ಯಜಮಾನ್ರೆ, ಇಲ್ಲಿ ಕೂತ್ಕೊಳ್ಳಿ' ಅಂದೆ.

'ಚೇರು ನಿಮಗಿರ್ಲಿ ಸಾರ್, ನೀವು ಹಿರೀರು.'

'ಛೆ ಛೆ, ನೀವು ಬಂದೋರು.'

'ನಮಗೇನು ಸಾರ್, ಹೊಲದ ಬದೀಲಿ ಕೂರೋ ಜನ. ಇಲ್ಲೇನೋ ಬೆಂಚು ಕೈಗೆ ಸಿಕ್ತು. ಬೆಂಚೇ ಸಾಕು ಬುಡಿ' ಅಂದರು.

ಕತ್ತಲಲ್ಲಿ ಬೆಂಚು ಒಂದು ಸಲ ಕಿರ್ರೆಂದಿತು.

ನಾನು ದೊಡ್ಡ ಮನುಷ್ಯರ ವಿನಯವನ್ನು ಮೆಚ್ಚಿಕೊಂಡು ನಿಂತಿದ್ದೆ, ದೇವರಾಣೆ ನನಗೆ ಹೊಳೆಯಲಿಲ್ಲ. ಸೋದರತ್ತೆ ಸೀದಾ ಒಳಗೆ ಅಡುಗೆಮನೆಗೆ ಹೋದರು. ಹುಡುಗಿ ತಂದೆಯ ಪಕ್ಕ ಬಂದು ಬೆಂಚಿನ ತುದಿಗೆ ಕೈ ಇಟ್ಟಂತಾಯಿತು. ಆಮೇಲೆ, 'ನಾನು ಕುರ್ಚಿಯಲ್ಲೇ ಕೂತ್ಕೋತೀನಿ' ಅಂದಳು.

ತಂದೆ ಮೂಗೆಳೆದುಕೊಂಡರು. 'ಪೇಂಟಿನ ವಾಸ್ನೆ ಸಾರ್.'

'ಹೂಂ ಯಜಮಾನ್ರೆ, ಎಲ್ಲಾ ಹೊಸದಾಗಿ ಮಾಡಿಸಿದೀವಿ' ಅಂದೆ, ಹೆಮ್ಮೆಯಿಂದ.

೩. ಗಾಳಿ ಆಡುವ ಮನೆ

ಇನ್ವರ್ಟರಿನ ಬ್ಯಾಟರಿ ಹುಣಸೂರಿಗೆ ರಿಪೇರಿಗೆ ಹೋಗಿತ್ತು. ಹೆಂಡತಿ ಮೇಣದಬತ್ತಿ ಹಚ್ಚಿಕೊಂಡು ಬಂದಳು. ಬೆಳಕು ಬಿದ್ದದ್ದೇ ತಡ, ಮಗ ನನ್ನ ತೋಳು ಹಿಂಡಿದ. ಕಿವಿಯಲ್ಲಿ, 'ಅಪ್ಪಾ, ಬೆಂಚು' ಅಂದ.

ನೋಡಿದೆ. ಯಜಮಾನರು ಮಲ್ಲಿಗೆ ಹೂವಿನಂಥ ಬಿಳಿ ಪಂಚೆ, ಬಿಳಿ ಶರಟು ತೊಟ್ಟು, ಅಕ್ಕನ ಹಸಿರು ಬೆಂಚಿಗೆ ಬೆನ್ನು ಆನಿಸಿ, ಎರಡೂ ಕೈ ಚಾಚಿ ಹಾಯಾಗಿ ಒರಗಿದ್ದರು. ಮೊಣಕೈ ಆಗಲೇ ಹಸಿರಾಗಿತ್ತು. ಬಟ್ಟೆ ಮೊದಲೇ ಮಳೆಗೆ ನೆನೆದಿತ್ತಲ್ಲ, ಹಸಿ ಬಣ್ಣ ತಾಗಿದ್ದು ಪಾಪ ಅವರಿಗೆ ಗೊತ್ತಾಗಿರಲಿಲ್ಲ.

ಮನೆ ನೋಡಲು ಬಂದವರಿಗೆ ಬಣ್ಣ ಬಳಿದು ಕಳಿಸಿದರು ಅಂತ ಕೆ.ಆರ್. ನಗರಕ್ಕೆಲ್ಲಾ ಗೊತ್ತಾದರೆ ಮುಗಿಯಿತು, ನನ್ನ ಮಗ ಬಾಳೆಗಿಡವನ್ನೇ ಕಟ್ಟಿಕೊಳ್ಳಬೇಕು. ಇನ್ನೊಂದು ಕ್ಷಣ ಬಿಟ್ಟರೆ ಅವರು ಮೊಣಕೈ ನೋಡಿಕೊಳ್ಳುತ್ತಾರೆ. ಏನೂ ತೋಚದೆ ಬಗ್ಗಿ ಮೇಣದಬತ್ತಿ ಊದಿಬಿಟ್ಟೆ.

'ಗಾಳಿ' ಅಂದೆ.

ಹೆಂಡತಿಗೆ ಇನ್ನೂ ವಿಷಯ ಗೊತ್ತಿಲ್ಲ. 'ಕಿಟಕಿ ಎಲ್ಲಾ ಮುಚ್ಚಿದೀರಲ್ಲ, ಎಲ್ಲಿಂದ ಬಂತು ಗಾಳಿ?' ಅಂತ ಮತ್ತೆ ಕಡ್ಡಿ ಗೀರಿದಳು. ಮಗ ಊದಿದ. ಮೂರನೇ ಸಲ ಹಚ್ಚುವಷ್ಟರಲ್ಲಿ ಅಕ್ಕನಿಗೂ ಬೆಂಚು ಕಂಡಿತ್ತು. ಅವಳು ಊದಿದ ರಭಸಕ್ಕೆ ಬತ್ತಿ ಆರಿದ್ದಲ್ಲದೆ ನನ್ನ ಕನ್ನಡಕದ ಮೇಲೆಲ್ಲಾ ಹನಿ ಬಿತ್ತು. ಆಮೇಲೆ ಮಗ ತಾಯಿಯನ್ನು ಪಕ್ಕಕ್ಕೆ ಕರೆದು ಹೇಳಿದ. 'ಅಯ್ಯೋ ಶಿವನೇ' ಅನ್ನುವುದು ಕೇಳಿಸಿತು. ಆಗಿನಿಂದ ನಮ್ಮ ಮನೆಯ ಪ್ರಾರ್ಥನೆ ಬದಲಾಯಿತು. ಕರೆಂಟ್ ಬರಲಿ ಅಂತ ಕೈಮುಗಿದಿದ್ದವಳೇ, ಬರದಿರಲಪ್ಪಾ ಅಂತ ಮುಗಿಯತೊಡಗಿದಳು.

ಹುಡುಗಿ ಫೋನಿನ ಟಾರ್ಚು ಹಾಕಿದಳು. ಅಕ್ಕ ಗಾಬರಿಯಿಂದ, 'ಮಗಾ, ಸಿಡ್ಲು ಹೊಡಿಯೋವಾಗ ಫೋನು ಕೈಲಿ ಹಿಡೀಬಾರದು ಕಣವ್ವ, ಆರ್ಸು ಆರ್ಸು' ಅಂದಳು. ಹುಡುಗಿ ಆರಿಸಿದಳು.

ಕತ್ತಲಲ್ಲಿ ಬೆಂಚು ಇನ್ನೊಮ್ಮೆ ಕಿರ್ರೆಂದಿತು. ಆಮೇಲೆ ಯಜಮಾನರು ತೃಪ್ತಿಯಿಂದ ಹೇಳಿದರು: 'ಏನಾರ ಅನ್ನಿ ಸಾರ್, ಮನೇಲಿ ಗಾಳಿ ಚೆನ್ನಾಗಿ ಆಡ್ತದೆ.'

೪. ನಮ್ಮ ಕಡೆ ಆಲಿಕಲ್ಲು

ಅಷ್ಟರಲ್ಲಿ ಆಲಿಕಲ್ಲು ಬೀಳತೊಡಗಿತು. ಹಂಚಿನ ಮೇಲೆ ಪಟಪಟ ಸದ್ದು. ಆಲಿಕಲ್ಲು ಬಿದ್ದಾಗ ಅಂಗಳಕ್ಕೆ ಕಬ್ಬಿಣ ಎಸೆದರೆ ನಿಲ್ಲುತ್ತದೆ ಅನ್ನುವುದು ನನ್ನ ಅಕ್ಕನ ನಂಬಿಕೆ. ಸಾಮಾನ್ಯವಾಗಿ ಕುಡುಗೋಲು ಎಸೆಯುತ್ತಾಳೆ. ಆವತ್ತು ಕತ್ತಲಲ್ಲಿ ಕುಡುಗೋಲು ಸಿಗಲಿಲ್ಲ. ಅಡುಗೆಮನೆಗೆ ನುಗ್ಗಿ ಕೈಗೆ ಸಿಕ್ಕ ಕಬ್ಬಿಣ ಹಿಡಿದು, ಬಾಗಿಲು ತೆಗೆದು, ಬೀಸಿ ಒಗೆದಳು.

ಹೊರಗೆ 'ಢಣ್!' ಅಂತ ಒಂದು ಸದ್ದಾಯಿತು. ಹಂಚಿನ ಸದ್ದಲ್ಲ, ನೆಲದ ಸದ್ದಲ್ಲ. ಕಾರಿನ ಸದ್ದು.

ಹೆಂಡತಿ ಒಳಗಿನಿಂದ, 'ರೀ, ದೋಸೆ ಕಾವಲಿ ಕಾಣ್ತಿಲ್ಲ' ಅಂದಳು.

ಯಜಮಾನರು ಎದ್ದೇ ಬಿಡುವ ಹಾಗಾದರು. 'ಸಾರ್, ಏನದು? ಕಾರಿನ ಮೇಲೇ ಬಿದ್ದಂಗಾಯ್ತಲ್ಲ!'

ಓಡಿ ಹೋಗಿ ಅವರ ಭುಜ ಹಿಡಿದು ಕೂರಿಸಿದೆ. 'ಕೂತ್ಕೊಳ್ಳಿ ಯಜಮಾನ್ರೆ, ಕೂತ್ಕೊಳ್ಳಿ. ಆಲಿಕಲ್ಲು.'

'ಅಷ್ಟು ದಪ್ಪನಾ?'

'ಕಾಡಿನ ಪಕ್ಕ ನೋಡಿ' ಅಂದೆ, 'ನಮ್ಮ ಕಡೆ ಸ್ವಲ್ಪ ದಪ್ಪವೇ ಬೀಳೋದು.'

ಬಿ.ಎಸ್ಸಿ. ಓದಿದವನು ಹೇಳಿದನೆಂದು ಅವರು ನಂಬಿದರು. ಮಗ ಮೆಲ್ಲನೆ ಹೊರಗೆ ಹೋಗಿ ಆಲಿಕಲ್ಲನ್ನು ತಂದು ಒಲೆಯ ಪಕ್ಕ ಇಟ್ಟ. ಅಕ್ಕ ಮಾತ್ರ ಗೆದ್ದವಳ ಹಾಗೆ, 'ನಿಂತೋಯ್ತು ನೋಡ್ದಾ?' ಅಂದಳು. ನಿಜ ಹೇಳಬೇಕೆಂದರೆ, ನಿಂತಿತ್ತು.

೫. ಕಾಫಿ

ಅಡುಗೆಮನೆಯಲ್ಲಿ ಬೇರೆಯದೇ ಪರೀಕ್ಷೆ ನಡೆಯುತ್ತಿತ್ತು. ಗ್ಯಾಸಿನ ಉರಿಯ ನೀಲಿ ಬೆಳಕಲ್ಲಿ ಸೋದರತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರಂತೆ.

'ಕತ್ತಲಾದ್ರೇನಂತೆ ಕಣವ್ವ. ಮನೆ ಹೆಂಗ್ಸಿಗೆ ಕಣ್ಮುಚ್ಚಿದ್ರೂ ಯಾವ ಡಬ್ಬದಲ್ಲಿ ಏನದೆ ಗೊತ್ತಿರ್ತದೆ. ಮಾಡು, ಕಾಫಿ ಮಾಡು' ಅಂದರು.

ಅವರು ಹೇಳಿದ್ದು ನಿಜ. ನನ್ನ ಹೆಂಡತಿಗೆ ಮೂವತ್ತೈದು ವರ್ಷದಿಂದ ಕಣ್ಣು ಮುಚ್ಚಿದರೂ ಡಬ್ಬ ಗೊತ್ತಿತ್ತು. ಆದರೆ ಮನೆ ನೋಡಲು ಬರುತ್ತಾರೆಂದು ಹಿಂದಿನ ದಿನವಷ್ಟೇ ಹಳೇ ಡಬ್ಬಗಳನ್ನೆಲ್ಲಾ ಅಟ್ಟಕ್ಕೆ ಹಾಕಿ, ಥಳಥಳ ಹೊಳೆಯುವ ಹೊಸ ಸ್ಟೀಲ್ ಡಬ್ಬ ಜೋಡಿಸಿದ್ದಳು. ಎಲ್ಲಾ ಒಂದೇ ಅಳತೆ, ಒಂದೇ ಮುಚ್ಚಳ. ತಡವಿ ಒಂದನ್ನು ತೆಗೆದಳು, ಹಾಕಿದಳು, ಕುದಿಸಿದಳು, ಬೆಲ್ಲ ಹಾಕಿದಳು, ಹಾಲು ಹಾಕಿದಳು. ಲೋಟಗಳು ಬಂದವು.

ನಾನು ಒಂದು ಗುಟುಕು ಕುಡಿದೆ. ಕಾಫಿಯಲ್ಲ, ರಾಗಿ ಹುರಿಹಿಟ್ಟು.

ಆ ಕಡೆಯಿಂದ ಸುರ್ರ್, ಸುರ್ರ್ ಅಂತ ಕುಡಿಯುವ ಸದ್ದು. ಸೋದರತ್ತೆ ಲೋಟ ಕೆಳಗಿಟ್ಟರು. ತೀರ್ಪು ಬರುತ್ತದೆಂದು ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳಂತೆ.

'ಇದೇನವ್ವಾ ಇದು? ಕಾಫಿ ಅಂದ್ರೆ ಮಾಲ್ಟು ಕೊಟ್ಟಿದೀಯಲ್ಲ?'

'ನಮ್ಮನೇಲಿ...' ಹೆಂಡತಿ ತಡವರಿಸಿದಳು, 'ನಮ್ಮನೇಲಿ ಕಾಫಿ ಟೀ ಅಭ್ಯಾಸವೇ ಇಲ್ಲ ಅಕ್ಕಾವ್ರೆ. ಮೊದಲಿಂದ ರಾಗೀದೇ.'

'ನೋಡಣ್ಣಾ!' ಅಂದರು ಸೋದರತ್ತೆ, ನಡುಮನೆ ಕಡೆ ಕೂಗಿ. 'ಎಂಥಾ ಮನೆ! ಇನ್ನೊಂದ್ ಲೋಟ ಕೊಡವ್ವ.'

ದಿನಕ್ಕೆ ಐದು ಲೋಟ ಕಾಫಿ ಕುಡಿಯುವ ನಾನು, ಅವತ್ತಿನಿಂದ ಆ ಮನೆಯವರು ಬಂದಾಗಲೆಲ್ಲಾ ಸಂತೆಮಾಳದ ಹತ್ತಿರದ ಹೋಟೆಲಿಗೆ ಹೋಗಿ ಕದ್ದು ಕಾಫಿ ಕುಡಿದು, ಬಾಯಿ ಮುಕ್ಕಳಿಸಿ ಬರುತ್ತೇನೆ.

೬. ಬಾಯಲ್ಲಿ ತೋರಿಸಿದ ಮನೆ

'ಸರಿ ಸಾರ್' ಅಂದರು ಯಜಮಾನರು. 'ಕತ್ತಲಾದ್ರೇನು, ಬಂದಿರೋದೇ ಮನೆ ನೋಡಕ್ಕೆ. ಗೋಡೆ ಹಿಡ್ಕಂಡು ಹಂಗೇ ಒಂದ್ ಸುತ್ತು ಬಂದ್ಬುಡ್ತೀನಿ.'

ಗೋಡೆ ಹಿಡಿದುಕೊಂಡು! ನನ್ನ ತಿಳಿಹಳದಿ ಗೋಡೆಯ ಮೇಲೆ ಹಸಿರು ಕೈ ಮೂಡಿದ್ದು ಕಣ್ಣಿಗೆ ಕಟ್ಟಿತು. ಮತ್ತೆ ಭುಜ ಹಿಡಿದು ಕೂರಿಸಿದೆ.

'ನೀವ್ಯಾಕೆ ಏಳ್ತೀರಿ? ನಾನಿಲ್ವಾ? ಕೂತಲ್ಲೇ ತೋರಿಸ್ತೀನಿ.'

ಶುರು ಮಾಡಿದೆ. ಮೂವತ್ತು ವರ್ಷ ರೈತರಿಗೆ ಹುಳು ಮನೆ ಹೇಗಿರಬೇಕು ಅಂತ ಭಾಷಣ ಮಾಡಿದ ಬಾಯಿ. ಪಾಯ ತೋಡಿದಾಗ ಸಿಕ್ಕಿದ ಬಂಡೆಯಿಂದ ಹಿಡಿದೆ. ನಿಮ್ಮ ಎಡಗಡೆಗೆ ದೊಡ್ಡ ರೂಮು, ಅದರಾಚೆ ದೇವರ ಮನೆ, ಕಿಟಕಿ ಅಂದರೆ ಒಂದೊಂದೂ ಬಾಗಿಲಿನಷ್ಟು, ಬೆಳಿಗ್ಗೆ ಎದ್ದರೆ ಲಕ್ಷ್ಮಣತೀರ್ಥ ಹೊಳೆಯ ಕಡೆಯ ಗಾಳಿ. ಹೇಳುತ್ತಾ ಹೇಳುತ್ತಾ ನನಗೇ ರುಚಿ ಹತ್ತಿತು. ಪಡಸಾಲೆ ಸ್ವಲ್ಪ ಉದ್ದವಾಯಿತು. ಮೆಟ್ಟಿಲು ಬಂದವು. ಮೇಲೆ ಕಟ್ಟಬೇಕೆಂದಿರುವ ರೂಮು ಕಟ್ಟಿಯೇ ಹೋಯಿತು.

ಅಡುಗೆಮನೆಯಿಂದ ಹೆಂಡತಿ, 'ರೀ, ಸಾಕು ನಿಲ್ಲಿಸಿ' ಅಂದಳು.

ಈ ನಡುವೆ ಹುಡುಗಿ ಕತ್ತಲಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದಳು, ಅದೂ ನನ್ನನ್ನಲ್ಲ, ಮಗನನ್ನು. 'ಇಷ್ಟು ಗಾಳಿಗೆ ಬಾಳೆ ಬಿದ್ದಿರುತ್ತಾ?'

ಮಗ ಸಂಜೆಯಿಂದ ಅದನ್ನೇ ಯೋಚಿಸುತ್ತಿದ್ದನೆಂದು ನನಗೆ ಗೊತ್ತಿತ್ತು. ಗೊನೆ ಬಿಟ್ಟ ಗಿಡಗಳು. 'ಆಸರೆಗೆ ಕೋಲು ಕೊಟ್ಟಿದೀನಿ' ಅಂದ. 'ಆದ್ರೂ ಒಂದಷ್ಟು ಹೋಗಿರ್ತವೆ. ಬೆಳಿಗ್ಗೆ ನೋಡ್ಬೇಕು.'

'ಈಗ ಹೋಗಿ ನೋಡ್ಬೇಕು ಅನಿಸ್ತಿದೆಯಾ?'

'ಹೂಂ' ಅಂದ. ಅದಕ್ಕೆ ಅವಳು ಸಣ್ಣಗೆ ನಕ್ಕಳು. ಬೇಸಾಯದ ಬಗ್ಗೆ ನಾವು ವಿಚಾರಿಸಿದ ಹೆಣ್ಣಿನ ಕಡೆಯವರು ನಗದೆ ಇದ್ದದ್ದಿಲ್ಲ. ಆದರೆ ಇದು ಆ ನಗು ಅಲ್ಲ.

ನಾನು ಅಷ್ಟಕ್ಕೆ ಬಿಟ್ಟು ಮತ್ತೆ ಮೆಟ್ಟಿಲು ಹತ್ತಿದೆ. ಎಲ್ಲಾ ಮುಗಿದ ಮೇಲೆ ಯಜಮಾನರು ಉಸಿರುಬಿಟ್ಟು ಹೇಳಿದರು: 'ಸಾರ್, ಕಣ್ಣಲ್ಲಿ ನೋಡಿದ್ರೂ ಇಷ್ಟು ಕಾಣ್ತಿರಲಿಲ್ಲ.'

೭. ಬೇರೆ ಲೈನು

ಊರಿನ ಕಡೆಯಿಂದ ಮಕ್ಕಳೆಲ್ಲಾ ಒಟ್ಟಿಗೆ 'ಹೋ...' ಅಂತ ಕೂಗಿದರು. ಕರೆಂಟ್ ಬಂದಾಗ ನಮ್ಮೂರ ಮಕ್ಕಳು ಕೂಗುವ ಕೂಗು ಅದು. ಆ ಕ್ಷಣವೇ ನಮ್ಮ ಮನೆಯ ಹೊಸ ಬಲ್ಬುಗಳೆಲ್ಲಾ ಝಗ್ಗನೆ ಹತ್ತಿದವು.

ಹತ್ತಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಮತ್ತೆ ಕತ್ತಲು.

ಆ ಮಿಂಚಿನಷ್ಟು ಬೆಳಕಲ್ಲಿ ನನಗೆ ಕಂಡದ್ದು ಯಜಮಾನರ ಹಸಿರು ಮೊಣಕೈ. ಅವರಿಗೆ ಕಂಡದ್ದು ಎದುರಿಗಿದ್ದ ತಟ್ಟೆಯ ಒಬ್ಬಟ್ಟು. ಹಾಗಾಗಿ ಉಳಿದೆವು. ಬಾಗಿಲ ಪಕ್ಕದ ಮೀಟರ್ ಬೋರ್ಡಿನ ಕೆಳಗೆ ಅಕ್ಕ ನಿಂತಿದ್ದಳು. ಆಲಿಕಲ್ಲು ನಿಂತಾಗಿನಿಂದ ಅಲ್ಲೇ ಕಾದಿದ್ದಳಂತೆ, ಮೈನ್ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು!

'ಬಂತಲ್ಲ? ಮತ್ತೆ ಹೋಯ್ತಾ?' ಅಂದರು ಯಜಮಾನರು.

'ಓಲ್ಟೇಜು ಕಣಪ್ಪಾ' ಅಂದಳು ಅಕ್ಕ. ಆ ಪದವನ್ನು ಜೀವಮಾನದಲ್ಲಿ ಮೊದಲ ಸಲ ಆಡಿದ್ದಳು.

ಹೊರಗೆ ಪಕ್ಕದ ಮನೆಯ ಟಿವಿ ಜೋರಾಗಿ ಶುರುವಾಯಿತು. ಹಿಟ್ಟಿನ ಗಿರಣಿ ಗರ್ರೆಂದಿತು. ಎಲ್ಲೋ ಮೋಟಾರ್ ಓಡಿತು. ಇಡೀ ಹನಗೋಡಿಗೆ ಹಬ್ಬ, ನಮ್ಮ ಮನೆಯೊಳಗೆ ಮಾತ್ರ ಕಗ್ಗತ್ತಲು.

'ಪಕ್ಕದ್ಮನೇಲಿ ಟಿವಿ ಸದ್ದು ಕೇಳ್ತದಲ್ಲ ಸಾರ್?'

'ಅವರದು ಬೇರೆ ಲೈನು.'

'ಗಿರಣಿ?'

'ಅದು ಇನ್ನೊಂದು ಲೈನು.'

'ಮೋಟ್ರು?'

ನನ್ನ ಹತ್ತಿರ ಲೈನು ಮುಗಿದಿತ್ತು. ಹುಡುಗಿ ಕೆಮ್ಮಿದಳು. 'ಅಪ್ಪಾ, ಡೀಸೆಲ್ ಮೋಟ್ರಿರಬೇಕು' ಅಂದಳು.

ಆ ಮಗು ಗೊತ್ತಿಲ್ಲದೆಯೇ ನಮಗೆ ಉಪಕಾರ ಮಾಡಿತು ಅಂದುಕೊಂಡೆ.

೮. ಶಾಲು

ಹೊರಡುವ ಹೊತ್ತಾಯಿತು. ಯಜಮಾನರು ಎದ್ದರು. 'ಚರ್ರ್' ಅಂತ ಬಟ್ಟೆ ಬೆಂಚಿನಿಂದ ಬಿಡಿಸಿಕೊಂಡ ಸದ್ದು. ಬೆಂಚಿನ ಒಂದು ಕಡೆ ಸ್ವಲ್ಪ ಮೇಲೆದ್ದು ದಡ್ ಅಂತ ಕೆಳಗೆ ಬಿತ್ತು.

'ಮೊಳೆ ಇರ್ಬೇಕು' ಅಂದರು.

'ಹಳೇ ಬೆಂಚು' ಅಂದೆ.

ಆದರೆ ಮುಂದಿನ ಗಂಡಾಂತರ ನೋಡಿ. ಗೇಟಿನ ಆಚೆ ಬೀದಿ ದೀಪ ಹಾಲು ಚೆಲ್ಲಿದಂತೆ ಉರಿಯುತ್ತಿದೆ. ಇವರು ಬೆನ್ನು ತುಂಬಾ ಹಸಿರು ಪಟ್ಟೆ ಹೊತ್ತು ಅದರ ಕೆಳಗೇ ಹಾದು ಕಾರು ಹತ್ತಬೇಕು. ಹಿಂದೆ ಸೋದರತ್ತೆ, ಅವರಿಗೆ ಕಣ್ಣು ಬಲು ಚುರುಕು.

ನಾನು ರೂಮಿಗೆ ಓಡಿದೆ. ತಡಕಾಡಿ ಬೀರುವಿನಿಂದ ನನ್ನ ಬೀಳ್ಕೊಡುಗೆಯ ದಿನ ಇಲಾಖೆಯವರು ಹೊದಿಸಿದ್ದ ಜರಿಯಂಚಿನ ಶಾಲು ತಂದೆ. ಯಜಮಾನರನ್ನು ನಿಲ್ಲಿಸಿ, ಭುಜದಿಂದ ಮಂಡಿಯ ಹಿಂಭಾಗದವರೆಗೂ ಬರುವ ಹಾಗೆ ಹೊದಿಸಿ, ಮುಂದೆ ಗಂಟು ಹಾಕಿದೆ.

'ಏನ್ ಸಾರ್ ಇದೆಲ್ಲಾ?' ಅಂದರು, ಗಂಟು ಮುಟ್ಟಿ ನೋಡುತ್ತಾ.

'ಮೊದಲ ಸಲ ಬಂದೋರಿಗೆ ನಮ್ಮ ಮನೆ ಪದ್ಧತಿ.'

'ತೆಗೆದು ಮಡಚಿ ಇಟ್ಕೋತೀನಿ, ಕೊಳೆ ಆಗ್ತದೆ.'

'ಬೇಡಿ! ಮನೆ ಸೇರೋವರ್ಗೂ ತೆಗೀಬಾರದು. ಅದೂ ಪದ್ಧತಿ.'

ಅವರು ಕೈಮುಗಿದರು. ಬೀದಿ ದೀಪದ ಕೆಳಗೆ ಶಾಲು ಹೊದ್ದು ಮಠಾಧಿಪತಿಗಳ ಹಾಗೆ ನಿಧಾನವಾಗಿ ನಡೆದುಕೊಂಡು ಹೋದರು. ಸೋದರತ್ತೆಗೆ ಕಣ್ಣು ಒದ್ದೆ. 'ನಮ್ಮಣ್ಣಂಗೆ ಇಲ್ಲೀಗಂಟ ಯಾರೂ ಶಾಲು ಹೊದಿಸಿರ್ಲಿಲ್ಲ ಕಣವ್ವ' ಅಂದರು. ನನ್ನ ಹೆಂಡತಿಗೂ ಕಣ್ಣು ಒದ್ದೆ, ಕಾರಣ ಬೇರೆ.

೯. ಬೆಳಗಿನ ಫೋನು

ಆ ರಾತ್ರಿ ನಮ್ಮಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಮನೆಗೆ ಹೋಗಿ ಶಾಲು ತೆಗೆದ ಕ್ಷಣ ಏನಾಗಿರುತ್ತದೆಂದು ನೆನೆಸಿಕೊಳ್ಳುತ್ತಾ ಹೊರಳಾಡಿದೆವು. ಬೆಳಗಾಗುತ್ತಲೇ ಮಗ ಬಾಳೆ ತೋಟಕ್ಕೆ ಹೋದ. ಹೆಂಡತಿ ತಿಂಡಿ ಮಾಡಲಿಲ್ಲ. ಅಕ್ಕ ಬೆಂಚನ್ನು ದಿಟ್ಟಿಸಿ ನೋಡುತ್ತಾ, 'ಎಲ್ಡನೇ ಕೋಟ್ ಹೊಡಿಯದೆ ಇದ್ದಿದ್ರೆ ಒಣಗಿರೋದು' ಅಂತ ಒಂದೇ ಸಮನೆ ಗೊಣಗುತ್ತಿದ್ದಳು.

ಫೋನು ಬಂತು. ಕೆ.ಆರ್. ನಗರ. ಹೆಂಡತಿ ಗೋಡೆ ಹಿಡಿದು ನಿಂತಳು. ಅವಳಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

'ಸಾರ್, ರಾತ್ರಿ ಬಂದ ಕೂಡ್ಲೆ ನಮ್ಮನೇವ್ರು, ಹುಡ್ಗಿ ಅವ್ವ, ಕೇಳುದ್ರು. ಮನೆ ಎಂಗದೆ ಅಂತ.'

'ಹೂಂ?'

'ಗೋಡೆ ಯಾವ ಬಣ್ಣ ಅಂದ್ರು. ಗೊತ್ತಿಲ್ಲ ಅಂದೆ. ಹುಡ್ಗ ಕೆಂಪಗವ್ನಾ ಕಪ್ಪಗವ್ನಾ ಅಂದ್ರು. ಗೊತ್ತಿಲ್ಲ ಅಂದೆ. ಮತ್ತೇನ್ ನೋಡ್ಕ ಬಂದ್ರಿ ಅಂತ ಬೈದು ಶಾಲು ತೆಗುದ್ರು. ಆಮೇಲೆ ಅವ್ರೇ ಹೇಳುದ್ರು, ಬೆಂಚು ಹಸಿರು ಬಣ್ಣ ಅಂತ.'

ಫೋನನ್ನು ಹೆಂಡತಿಯ ಕಡೆ ಚಾಚಿದೆ, ಅವಳು ಗೋಡೆ ಬಿಡಲಿಲ್ಲ. ನಿವೃತ್ತಿಯಾದ ಮೇಲೆ ನಾನು ಮಾತನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ನೋಡಿದ್ದು ಅದೇ ಮೊದಲು.

'ನಂಗೆ ರೇಗೋಯ್ತು ಸಾರ್, ಸುಳ್ಳು ಹೇಳಲ್ಲ. ಏನ್ ಜನ ಇವ್ರು, ಬೇಕಂತ್ಲೇ ಮುಚ್ಚಿಟ್ರಲ್ಲ, ಸಂಬಂಧ ಬೇಡ ಅಂದ್ಬುಟ್ಟೆ. ಅವಾಗ ಮಗ್ಳು ಬಾಯ್ಬುಟ್ಲು. ಅಪ್ಪಾ, ಬೆಂಚಿಗೆ ಕೈ ಇಟ್ಟಾಗ್ಲೇ ನಂಗೆ ಅಂಟ್ತು, ಬಣ್ಣ ಹಸಿ ಅಂತ ಅವಾಗ್ಲೇ ಗೊತ್ತಾಯ್ತು ಅಂದ್ಲು.'

'ಅಯ್ಯೋ!'

'ಮತ್ಯಾಕವ್ವ ನಂಗೆ ಹೇಳ್ಲಿಲ್ಲ ಅಂದೆ. ಹೇಳಿದ್ರೆ ನೀನು ಸಿಟ್ಟು ಮಾಡ್ಕಂಡು ಎದ್ದು ಬಂದ್ಬುಡ್ತಿದ್ದೆ, ಇಂಥ ಮನೆ ಮತ್ತೆ ಎಲ್ಲಿ ಸಿಗ್ತದೆ ಅಂದ್ಲು. ಇಂಥ ಮನೆ ಅಂದ್ರೆ ಎಂಥ ಮನೆ ಅಂದೆ. ಬಾಳೆ ಬಿದ್ದೋಗ್ತಿದ್ರೂ ನಮ್ಮುನ್ನ ಬುಟ್ಟು ಎದ್ದು ಹೋಗ್ಲಿಲ್ಲ ಅವ್ರು, ಅಷ್ಟು ಎಡವಟ್ಟಾದ್ರೂ ಮನೇಲಿ ಒಬ್ರು ಇನ್ನೊಬ್ರನ್ನ ಬೈಲಿಲ್ಲ, ಎಲ್ಲಾ ಸೇರ್ಕಂಡು ಮೇಣದಬತ್ತಿ ಊದುದ್ರು ಅಂದ್ಲು. ಸಾರ್, ಗಾಳಿ ಅಂದ್ರಲ್ಲ ನೀವು?'

'ಅದು... ಯಜಮಾನ್ರೆ...'

'ಇರ್ಲಿ ಬುಡಿ. ಹೆತ್ತಪ್ಪನ ಪಂಚೆ ಹಾಳಾದ್ರೂ ಪರ್ವಾಗಿಲ್ಲ ಅಂತ ಮಗ್ಳೇ ಡೀಸೆಲ್ ಮೋಟ್ರು ಬುಟ್ಟವ್ಳೆ. ಇನ್ನು ನಂದೇನದೆ? ಒಪ್ಗೆ ಸಾರ್.'

ಹೆಂಡತಿ ಗೋಡೆ ಬಿಟ್ಟು ನೆಲಕ್ಕೆ ಕುಸಿದು ಕೂತು, ಅಳುತ್ತಾ ನಗುತ್ತಿದ್ದಳು. ಅಕ್ಕ, 'ನಾನ್ ಬಳಿದ ಬೆಂಚಿಂದ್ಲೇ ಆಯ್ತು ಕಣ್ಲಾ' ಅಂದಳು.

'ಇನ್ನೊಂದ್ ಮಾತದೆ ಸಾರ್' ಅಂದರು ಯಜಮಾನರು. ದನಿ ಗಂಭೀರವಾಗಿತ್ತು. ನಾನು ಮತ್ತೆ ಹೆದರಿದೆ. 'ನಮ್ಮ ಕಡೆ ಒಂದು ನಂಬ್ಕೆ ಅದೆ, ನಿಮ್ಗೂ ಗೊತ್ತು. ನಿನ್ನೆಯಂಥ ದಿನ ಏನು ಮಾಡ್ತೀವೋ ಅದ್ನೇ ವರ್ಸೆಲ್ಲಾ ಮಾಡ್ತೀವಂತೆ. ಅದ್ಕೇ ಕೇಳ್ತಿದೀನಿ. ವರ್ಸೆಲ್ಲಾ ಬಂದು ನಿಮ್ಮ ಬೆಂಚಿಗೆ ಅಂಟ್ಕಂಡು ಕೂರ್ಬೇಕಲ್ಲ ನಾನು, ಪಂಚೆ ಖರ್ಚು ಯಾರ್ದು?'

ನಾನು ನಕ್ಕ ನಗುವಿಗೆ ತೋಟದಲ್ಲಿದ್ದ ಮಗ ಓಡಿ ಬಂದ. ಆಗಲೇ ನನಗೂ ನೆನಪಾದದ್ದು, ಗಡಿಬಿಡಿಯಲ್ಲಿ ನಾವ್ಯಾರೂ ಯೋಚಿಸಿಯೇ ಇರಲಿಲ್ಲ: ಇದೆಲ್ಲಾ ನಡೆದದ್ದು ಯುಗಾದಿಯ ಮಾರನೇ ದಿನ, ಸೋಮವಾರ ಬಿದ್ದು ಬಾಡೂಟವಿಲ್ಲದೆ ಹೋದ ಹೊಸತೊಡಕು.